ಐದು ಗೀರಿನ ಹಲಗೆ

ದಿರ್ಚೆ ಅಫಿನಿಯ ಜೊತೆ ಮೊದಲ ಮಾತುಕತೆ ನಿಗದಿಯಾದದ್ದು ತಲೆಗೂದಲು ಒಣಗಿಸುವ ಯಂತ್ರದ ಕೆಳಗೆ. 1951ರ ಮಹಾಪೂರಕ್ಕೆ ಅರವತ್ತು ವರ್ಷ ತುಂಬುತ್ತದೆಂದು ಇಟಲಿಯ ವಿಯಾದಾನಾ ಪಟ್ಟಣದ ಗ್ರಂಥಾಲಯವು ಪೋ ನದಿಯ ದಂಡೆಯ ಹಿರಿಯರ ನೆನಪುಗಳನ್ನು ದಾಖಲಿಸಲು ಹೊರಟಿತ್ತು. ಎಪ್ಪತ್ತು ದಾಟಿದ ಎಲ್ಲರಿಗೂ ಪತ್ರ ಹೋಗಿತ್ತು. ಸಾಲಿಚೆತೊ ಎಂಬ ಏರಿಬದಿಯ ಹಳ್ಳಿಯಿಂದ ಒಂಬತ್ತು ಮಂದಿ ಉತ್ತರ ಬರೆದರು, ದಿರ್ಚೆ ಬರೆಯಲಿಲ್ಲ. ಎರಡನೆಯ ಪತ್ರಕ್ಕೂ ಬರೆಯಲಿಲ್ಲ. ದೂರವಾಣಿ ಮಾಡಿದಾಗ "ಅವರು ಮನೇಲಿಲ್ಲ" ಎಂದು ಅವಳದೇ ದನಿ ಹೇಳಿತು.

ಸಂಗ್ರಹದ ಹೊಣೆ ಹೊತ್ತಿದ್ದ ನಿವೃತ್ತ ಶಿಕ್ಷಕಿ ಚಿನ್ಸಿಯಾ ರೊವೆರ್ಸಿ ಅವಸರದ ಹೆಣ್ಣಲ್ಲ. ದಿರ್ಚೆ ಪ್ರತಿ ಗುರುವಾರ ಬೆಳಿಗ್ಗೆ ಒರ್ನೆಲ್ಲಾಳ ಅಂಗಡಿಯಲ್ಲಿ ಕೂದಲು ಸುರುಳಿ ಮಾಡಿಸಿಕೊಳ್ಳುತ್ತಾಳೆಂದು ವಿಚಾರಿಸಿ ತಿಳಿದುಕೊಂಡಳು. ಎರಡು ಗುರುವಾರ ತಾನೂ ಹೋಗಿ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತು ಬಂದಳು. ಮೂರನೆಯ ಗುರುವಾರ ಒರ್ನೆಲ್ಲಾಳೇ ಮಧ್ಯಸ್ಥಿಕೆಗೆ ಇಳಿದಳು.

"ಇವತ್ತು ಓಡೋಕಾಗಲ್ಲ ದಿರ್ಚೆ, ತಲೆ ತುಂಬ ಸುರುಳಿ ಇದೆ. ಟೀಚರಮ್ಮ ನಿನ್ನ ಜೊತೆ ಮಾತಾಡ್ಬೇಕಂತೆ. ನನ್ನ ಅಂಗಡೀಲಿ ಬಾಯಿ ಮುಚ್ಕೊಂಡು ಕೂತಿರೋಳು ಇವಳೊಬ್ಬಳೇ. ನೋಡಕ್ಕಾಗ್ತಿಲ್ಲ ನನ್ಕೈಲಿ."

"ನನ್ನ ಹತ್ರ ಏನಿದೆ ಕೇಳೋಕೆ? ನೆರೆ ಬಂತು, ನೆರೆ ಹೋಯ್ತು. ಬರ್ಕೊ. ಮುಗೀತಲ್ಲ."

"ನೆರೆ ಬೇಡ ಅಂದ್ರೆ ಬೇಡ," ಎಂದಳು ಚಿನ್ಸಿಯಾ. "ಮದುವೆ ಗಿದುವೆ ಬಗ್ಗೆ ಮಾತಾಡೋಣ. ಆಗಿನ ಕಾಲದಲ್ಲಿ ಹೇಗೆ ಮಾಡ್ತಿದ್ರಿ ಅಂತ."

ಬಿಸಿಗಾಳಿಯ ಗೂಡಿನೊಳಗಿನಿಂದ ದಿರ್ಚೆ ಅವಳನ್ನು ಕೊಂಚ ಹೊತ್ತು ನೋಡಿದಳು. ಮದುವೆಯ ಮಾತಿನಲ್ಲಿ ಯಾವ ಗಂಡಾಂತರವೂ ಇಲ್ಲವೆಂದು ಆ ಕ್ಷಣಕ್ಕೆ ಅನ್ನಿಸಿತು. ಕೂದಲು ಒಣಗುವುದರೊಳಗೆ ಕರಾರು ಮುಗಿಯಿತು: ತನ್ನದೇ ಅಡುಗೆಮನೆಯಲ್ಲಿ, ಗುರುವಾರವೇ, ಧ್ವನಿ ದಾಖಲಿಸುವ ಯಂತ್ರ ಮೇಜಿನ ಆ ತುದಿಯಲ್ಲಿ, ನೆರೆಯ ಸುದ್ದಿ ಎತ್ತಕೂಡದು.

2011ರ ಮಾರ್ಚ್ 3ರಂದು ಅವಳು ಮಾತಾಡಿದಳು. ಆರಂಭದಲ್ಲಿ ಬಿಗುವಾಗಿದ್ದ ದನಿ ಅರ್ಧ ಗಂಟೆಯಲ್ಲಿ ಸಡಿಲವಾಯಿತು. ಮೂವತ್ತೊಂದು ವರ್ಷ ಪೊರಕೆ ಕಾರ್ಖಾನೆಯಲ್ಲಿ ಜೋಳದ ಕಡ್ಡಿ ಕಟ್ಟಿ ಕಟ್ಟಿ ಹೆಬ್ಬೆರಳಿನ ಉಗುರು ಸೀಳಿದ್ದು, ತೀರಿಹೋದ ಗಂಡ ಒರೆಸ್ತೆ ಮರಳುದೋಣಿಯವನಾಗಿದ್ದೂ ಈಜು ಕಲಿಯದೇ ಇದ್ದದ್ದು, ಮಕ್ಕಳಾಗದೇ ಹೋದದ್ದು. ನದಿ ಏರಿದಾಗ ರೇಡಿಯೊ ಒಂದೊಂದೇ ಊರಿನ ನೀರಿನ ಮಟ್ಟ ಓದುತ್ತಿತ್ತು. ಮನೆಮಂದಿಯೆಲ್ಲ ಕೈಯಲ್ಲಿನ ಕೆಲಸ ಬಿಟ್ಟು ಕೇಳುತ್ತಿದ್ದರು. ಪಿಯಾಚೆಂಝಾ, ಕ್ರೆಮೋನಾ, ಕಸಾಲ್ಮಜ್ಜೋರೆ, ಬೊರೆತ್ತೊ, ಬೊರ್ಗೊಫೋರ್ತೆ, ಒಸ್ತೀಲ್ಯಾ, ಪೊಂತೆಲಾಗೊಸ್ಕೂರೊ: ಅವಳ ಅಜ್ಜಿ ಜಪಮಾಲೆಯ ಮಣಿ ಸರಿಸಿದಂತೆ ಈ ಊರುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಸರಿಸುತ್ತಿದ್ದಳು.

"ಕ್ರೆಮೋನಾಕ್ಕೆ ನಾನು ಮೊದಲನೇ ಸಲ ಹೋಗಿದ್ದು ನಲವತ್ತನೇ ವಯಸ್ಸಲ್ಲಿ ಕಣಮ್ಮ. ಎಲ್ಲರೂ ಕತ್ತೆತ್ತಿ ಆ ದೊಡ್ಡ ಗಡಿಯಾರದ ಗೋಪುರ ನೋಡ್ತಿದ್ರೆ ನಾನು ಸೇತುವೆ ಕಂಬದಲ್ಲಿ ನೀರಿನ ಅಳತೆಪಟ್ಟಿ ಎಲ್ಲಿದೆ ಅಂತ ಹುಡುಕ್ತಿದ್ದೆ. ನಮ್ಮೆಜಮಾನ್ರು, 'ಥೂ, ನಿನ್ನ ಕರ್ಕೊಂಡು ಬಂದಿದ್ದಕ್ಕೆ ನಂಗೆ ಬುದ್ಧಿ ಇಲ್ಲ' ಅಂದ್ರು."

ಆಮೇಲೆ ಮದುವೆಯ ಮಾತು ಬಂತು. ಅಕ್ಕ ನಿವೆಸ್‌ಳ ಮದುವೆ 1951ರ ಅಕ್ಟೋಬರ್ 13, ಶನಿವಾರ. ಅರವತ್ತು ಮಂದಿ ನೆಂಟರು. ಕುಂಬಳಕಾಯಿ ಹೂರಣದ ತೊರ್ತೆಲ್ಲಿ ಕಡುಬು, ಬಾತುಕೋಳಿ, ಬಟ್ಟಲಿನ ಬಿಸಿ ಸಾರಿಗೇ ಸುರಿದು ಕುಡಿಯುವ ಕೆಂಪು ವೈನ್.

"ಅರವತ್ತು ಜನಕ್ಕೆ ಮೇಜು ಎಲ್ಲಿತ್ತು?" ಎಂದು ಕೇಳಿದಳು ಚಿನ್ಸಿಯಾ. ಯಾವುದೇ ಮದುವೆಯ ಬಗ್ಗೆ ಅವಳು ಎಲ್ಲರಿಗೂ ಕೇಳುವ ಪ್ರಶ್ನೆ ಅದು; ಅವಳ ಪಟ್ಟಿಯಲ್ಲಿ ಇಪ್ಪತ್ತಮೂರನೆಯದು.

"ಹಲಗೆ ಹಾಕಿದ್ರು."

"ಯಾರ ಹಲಗೆ?"

"ಹಲಗೆ ಅಂದ್ರೆ ಹಲಗೆ. ಹಲಗೆಗೆ ಯಾರಪ್ಪ ಯಾರಮ್ಮ?"

ಆ ಮೇಜಿನಿಂದ ಎದ್ದು ತಪ್ಪಿಸಿಕೊಳ್ಳಲು ದಿರ್ಚೆಗೆ ಕಂಡ ಬಾಗಿಲು ಒಂದೇ. ಯಾವುದರ ಸುದ್ದಿ ಎತ್ತಬಾರದೆಂದು ತಾನೇ ಕಟ್ಟು ಹಾಕಿದ್ದಳೋ ಆ ನೆರೆಯೊಳಕ್ಕೆ ತಾನೇ ಧುಮುಕಿದಳು. "ಮದುವೆ ಆಗಿ ತಿಂಗಳಿಗೆ ನೀರು ಬಂತು," ಎಂದು ಆರಂಭಿಸಿ, ಸಾಲಿಚೆತೊದ ಯಾರನ್ನು ಕೇಳಿದರೂ ಹೇಳುವ ಕಥೆಯನ್ನು ಉಸಿರು ಬಿಡದೆ ಒಪ್ಪಿಸಿದಳು. "ತೂಬು ಒಡೀತು. ಓಕ್ ಹಲಗೆ ಇರಬೇಕಾದ ಕಡೆ ಪಾಪ್ಲರ್ ಇತ್ತು. ನೀರಗಂಟಿ ಅಮಿಲ್ಕಾರೆ ಓಕ್ ಮಾರ್ಕೊಂಡಿದ್ದ. ಊರಿಗೆಲ್ಲ ಗೊತ್ತಿರೋ ವಿಷ್ಯ."

ಅರವತ್ತು ವರ್ಷದಿಂದ ಬೇರೆಯವರು ಈ ಮಾತು ಆಡುವಾಗ ಅವಳು ತಲೆ ತಗ್ಗಿಸಿ ಕೂರುತ್ತಿದ್ದಳು, ಇಲ್ಲವೆ ಎದ್ದು ಒಲೆಯ ಕಡೆ ಹೋಗುತ್ತಿದ್ದಳು. ತನ್ನ ಬಾಯಿಂದಲೇ ಆಡಿದ್ದು ಅದೇ ಮೊದಲು.

ಚಿನ್ಸಿಯಾಳ ಕ್ರಮ ಕಟ್ಟುನಿಟ್ಟಾದದ್ದು. ಧ್ವನಿಯನ್ನು ಅಕ್ಷರಕ್ಕಿಳಿಸಿ, ಅದನ್ನು ಮಾತಾಡಿದವರಿಗೇ ಓದಿ ಹೇಳಿ, ಪ್ರತಿ ಹಾಳೆಯ ಕೆಳಗೂ ಅವರ ರುಜು ಪಡೆಯಬೇಕು. ರುಜುವಿಲ್ಲದ ಹಾಳೆ ಗ್ರಂಥಾಲಯದ ಪುಸ್ತಕಕ್ಕೆ ಹೋಗದು. ರುಜು ಬಿದ್ದದ್ದು ಹೋಗದೆ ಇರದು. ಮಾರ್ಚ್ 24ರಂದು ಹದಿನಾಲ್ಕು ಹಾಳೆ ಹಿಡಿದು ಬಂದಳು. ದಿರ್ಚೆ ಕನ್ನಡಕ ಏರಿಸಿ ಹತ್ತು ಹಾಳೆಗೆ ರುಜು ಹಾಕಿದಳು. ಒರೆಸ್ತೆಯ ಈಜಿನ ಸಂಗತಿಗೆ ತಾನೇ ನಕ್ಕಳು. ಹನ್ನೊಂದನೆಯ ಹಾಳೆಯಲ್ಲಿ, ಅಚ್ಚಾದ ಅಕ್ಷರದಲ್ಲಿ, ಅವಳ ಹೆಸರಿನ ಮುಂದೆ ಇತ್ತು: ನೀರಗಂಟಿ ಅಮಿಲ್ಕಾರೆ ಓಕ್ ಮಾರ್ಕೊಂಡಿದ್ದ.

"ಈ ಪೆನ್ನು ಬರೀತಿಲ್ಲ," ಎಂದಳು.

ಚಿನ್ಸಿಯಾ ಇನ್ನೊಂದು ಪೆನ್ನು ಕೊಟ್ಟಳು.

"ಇದೂ ಬರೀತಿಲ್ಲ."

"ಹಾಳೆ ಮೇಲೆ ಇಟ್ಟೇ ಇಲ್ವಲ್ಲ."

"ಇಡದೇನೇ ಗೊತ್ತಾಗುತ್ತೆ ನಂಗೆ. ನೀನು ಹೋಗು ಟೀಚರಮ್ಮ. ಹಾಳೆ ಇರ್ಲಿ. ಕಾಫಿ ಮಾಡೋಣ ಅಂದ್ಕೊಂಡಿದ್ದೆ, ಇವತ್ತು ಬೇಡ."

ಚಿನ್ಸಿಯಾ ಹೊಸ್ತಿಲ ಬಳಿ ನಿಂತು, ಎಲ್ಲರಿಗೂ ಹೇಳುವಂತೆ ಅವಳಿಗೂ ಹೇಳಿದಳು: ಹೆಸರೆತ್ತಿ ಆಪಾದನೆ ಬಂದ ಕಡೆ ಆ ಕುಟುಂಬದವರನ್ನೂ ವಿಚಾರಿಸುವುದು ತನ್ನ ಪದ್ಧತಿ. ಅಮಿಲ್ಕಾರೆ ಸಾಕ್ಕಿಯ ಮಗಳು ವೆಲಿಯಾ ಆಚೆ ದಡದ ಗ್ವಾಸ್ತಾಲಾದಲ್ಲಿದ್ದಾಳೆ. ಅವಳಿಗೂ ಈ ಹಾಳೆ ತೋರಿಸಬೇಕಾಗುತ್ತದೆ.

ಬಾಗಿಲು ಮುಚ್ಚಿದ ಮೇಲೆ ದಿರ್ಚೆ ಆ ಹಾಳೆಯನ್ನು ತಿರುವಿ ಬೋರಲು ಹಾಕಿದಳು. ತಿರುವಿದರೇನು, ಅದರಲ್ಲಿದ್ದದ್ದು ಅವಳಿಗೆ ಕಂಠಪಾಠ. ಇಲ್ಲದೇ ಇದ್ದದ್ದು ಇನ್ನೂ ಚೆನ್ನಾಗಿ.

ಸಾಲಿಚೆತೊದ ತೂಬು ಎಂದರೆ ಏರಿಯ ಅಡಿಯಲ್ಲಿ ಇಟ್ಟಿಗೆಯ ಕಮಾನು. ಬೇಸಿಗೆಯಲ್ಲಿ ಹೊಲದ ಕಾಲುವೆ ಅದರ ಮೂಲಕ ನದಿಗೆ ಹರಿಯುತ್ತಿತ್ತು. ನದಿ ಏರಿದಾಗ ಅದೇ ಬಾಯಿಂದ ನದಿ ಊರಿಗೆ ನುಗ್ಗದಂತೆ ಮುಚ್ಚಬೇಕು. ಗೋಡೆಯ ಎರಡೂ ಪಕ್ಕದ ತೋಡಿನಲ್ಲಿ ಓಕ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಹಿಂದೆ ಇನ್ನೊಂದು ಸಾಲು ಇಳಿಸಿ, ನಡುವೆ ಜೇಡಿಮಣ್ಣು ತುಳಿದು ತುಂಬುತ್ತಿದ್ದರು. ಎರಡು ತೋಡುಗಳ ನಡುವಿನ ಅಂತರ ಮೇಲೆ ಹೋದಂತೆ ಹೆಚ್ಚು, ಆದ್ದರಿಂದ ಒಂದು ಹಲಗೆಯ ಉದ್ದ ಇನ್ನೊಂದಕ್ಕಿಲ್ಲ. ಸಾಲಿಗೆ ಹನ್ನೆರಡು. ಪ್ರತಿಯೊಂದರ ತುದಿಯಲ್ಲಿ ಅದರ ಸ್ಥಾನವನ್ನು ಉಳಿಯಿಂದ ಗೀರಿದ್ದರು: ತಳದ್ದಕ್ಕೆ ಒಂದು ಗೀರು, ಮೇಲಿನದಕ್ಕೆ ಹನ್ನೆರಡು.

ವರ್ಷದಲ್ಲಿ ಹತ್ತು ತಿಂಗಳು ಆ ಹಲಗೆಗಳು ನೀರಗಂಟಿಯ ಕೊಟ್ಟಿಗೆಯಲ್ಲಿ ಸುಮ್ಮನೆ ಮಲಗಿರುತ್ತಿದ್ದವು. ಅಷ್ಟು ಅಗಲದ, ಅಷ್ಟು ನಯವಾದ ಹಲಗೆ ಸುತ್ತಲಿನ ಯಾವ ಮನೆಯಲ್ಲೂ ಇರಲಿಲ್ಲ. ಅದರಿಂದ ಒಂದು ರೂಢಿ ಬೆಳೆದಿತ್ತು. ಮದುವೆಗೆ, ನಾಮಕರಣಕ್ಕೆ, ಸತ್ತವರ ಊಟಕ್ಕೆ ತೂಬಿನ ಹಲಗೆಯೇ ಮೇಜು. ಕೊಡಬಾರದೆಂದು ಸರ್ಕಾರಿ ಕಟ್ಟಳೆ ಇತ್ತು. ಇಲ್ಲವೆಂದ ನೀರಗಂಟಿ ಮಾತ್ರ ಯಾರೂ ಇರಲಿಲ್ಲ. ತೆಗೆದುಕೊಂಡವರು ಬಾವಿಯ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ತಂದಿಡಬೇಕು, ಅಷ್ಟೇ. ಅಮಿಲ್ಕಾರೆ ನಿವೆಸ್‌ಳ ಮದುವೆಗೆ ಎಂಟು ಹಲಗೆ ಕೊಟ್ಟ. ತೊಳೆದು ಹಿಂತಿರುಗಿಸುವ ಕೆಲಸ ಹದಿನೇಳರ ದಿರ್ಚೆಯ ಪಾಲಿಗೆ ಬಂತು.

ಮರುದಿನ ಭಾನುವಾರ. ಮಧ್ಯಾಹ್ನ ವಿಯಾದಾನಾದಲ್ಲಿ ಕುಣಿತವಿತ್ತು, ಗೆಳತಿಯರು ಎರಡು ಗಂಟೆಗೆ ಬರುವವರಿದ್ದರು. ಬಾವಿಯಿಂದ ಸೇದಿ ಸೇದಿ ಎಂಟು ಹಲಗೆ ತೊಳೆಯುವುದೆಂದರೆ ಸಂಜೆಯೇ ಆಗುತ್ತದೆ. ದಿರ್ಚೆ ಅವನ್ನು ಕೈಗಾಡಿಯಲ್ಲಿ ಹೇರಿಕೊಂಡು ಏರಿ ದಾಟಿ ನದಿಗೇ ಇಳಿಸಿದಳು. ಮರಳು ಹಾಕಿ ತಿಕ್ಕಿದರೆ ವೈನಿನ ಕಲೆ ಎಷ್ಟು ಬೇಗ ಹೋಗುತ್ತದೆಂದು ಹಿಗ್ಗುತ್ತಾ ಆರನೆಯದನ್ನು ತಿಕ್ಕುತ್ತಿದ್ದಾಗ, ಮರಳು ಹೇರಿದ ದೋಣಿಯೊಂದು ನಡುನೀರಿನಲ್ಲಿ ಹಾದುಹೋಯಿತು. ಅದರ ಅಲೆ ದಡಕ್ಕೆ ಬಂದು, ಪಕ್ಕಕ್ಕೆ ಒರಗಿಸಿಟ್ಟಿದ್ದ ಐದು ಗೀರಿನ ಹಲಗೆಯನ್ನು ತೊಟ್ಟಿಲ ಕೂಸನ್ನು ಎತ್ತಿದಷ್ಟು ಮೆತ್ತಗೆ ಎತ್ತಿಕೊಂಡಿತು.

ಹಲಗೆ ಅವಸರವಿಲ್ಲದೆ ಹೋಯಿತು. ದಿರ್ಚೆ ದಡದುದ್ದಕ್ಕೂ ಅದರ ಸಮಕ್ಕೆ ನಡೆದಳು, ಆಮೇಲೆ ಓಡಿದಳು. ಆ ಮರಳುದೋಣಿಯ ಜೆಲಿಂದೊ ಒಂದು ಕೂಗಿನಳತೆಯಲ್ಲಿದ್ದ. ಬೆನ್ನು ಮಾಡಿ ನಿಂತು ಹುಟ್ಟು ಹಾಕುತ್ತಿದ್ದ. ಒಂದು ಸಲ "ಜೆಲಿಂದೊ" ಅಂದಿದ್ದರೆ ಕೊಕ್ಕೆ ಹಾಕಿ ಎಳೆದು ಕೊಡುತ್ತಿದ್ದ. ಆಮೇಲೆ ಸಾಯುವವರೆಗೂ ಹೆಂಡದಂಗಡಿಯಲ್ಲಿ ಅದನ್ನೇ ಹೇಳಿ ನಗುತ್ತಿದ್ದ. ಅವಳು ಕೂಗಲಿಲ್ಲ. ಹಲಗೆ ಬೊರೆತ್ತೊದ ದೋಣಿಸೇತುವೆಯ ಕಡೆಗೆ ತಿರುಗಿ ಮರೆಯಾಯಿತು.

ಅಂದು ಮಧ್ಯಾಹ್ನ ಅವಳು ಕುಣಿತಕ್ಕೆ ಹೋದಳು. ಹೋಗದಿದ್ದರೆ ಕಾರಣ ಕೇಳುತ್ತಾರಲ್ಲ. ಯಾರ ಜೊತೆ ಕುಣಿದಳೆಂಬುದು ಮಾತ್ರ ನೆನಪಿಲ್ಲ.

ಸೋಮವಾರ ಅಪ್ಪ ಸಂತೆಗೆ ಹೋದಾಗ ಅವನ ಕೊಟ್ಟಿಗೆಯಿಂದ ಒಂದು ಪಾಪ್ಲರ್ ಹಲಗೆ ಎಳೆದಳು. ನದಿಯ ಎರಡೂ ದಡದಲ್ಲಿ ಸಾಲುಸಾಲಾಗಿ ಬೆಳೆಸುವ ಹಗುರ ಮರ ಅದು. ಪೆಟ್ಟಿಗೆ ಮಾಡಲು ಸರಿ, ಭಾರ ತಡೆಯಲು ಅಲ್ಲ. ನಾಲ್ಕನೆಯ ಮತ್ತು ಆರನೆಯ ಹಲಗೆಯ ನಡುವಿನ ಉದ್ದಕ್ಕೆ ಕೊಯ್ದಳು. ಅಪ್ಪನ ಉಳಿಯಿಂದ ಐದು ಗೀರು ಹಾಕಿದಳು. ಉಳಿ ಮೊಂಡು; ಗೀರುಗಳ ಅಂಚು ಸಿಬಿರೆದ್ದಿತು. ಕೆಸರೂ ಗಾಡಿಯ ಕೀಲೆಣ್ಣೆಯೂ ಕಲಸಿ ಮೇಲೆ ಕೆಳಗೆ ಬಳಿದಳು. ಮಂಗಳವಾರ ಎಂಟನ್ನೂ ಒಯ್ದು, ತಾನೇ ಒಂದೊಂದಾಗಿ ಇಳಿಸಿ, ಅದನ್ನು ರಾಶಿಯ ನಡುವೆ ಸೇರಿಸಿದಳು. ಅಮಿಲ್ಕಾರೆ ಮಬ್ಬಿನಲ್ಲಿ ಬೆರಳಾಡಿಸಿ ಗೀರು ಎಣಿಸಿದ.

"ಎಂಟೂ ಬಂತು. ಏನಮ್ಮಾ, ನಿಮ್ಮಕ್ಕ ಹೋಗ್ತಾ ಅತ್ಲೋ ನಕ್ಲೋ?"

"ಎರಡೂ," ಎಂದಳು ದಿರ್ಚೆ.

"ಹಾಗಾದ್ರೆ ಸಂಸಾರ ನೆಟ್ಟಗಾಗುತ್ತೆ ಬಿಡು."

ಅದರ ಮುಂದಿನ ತಿಂಗಳೇ ಮಳೆ ಹಿಡಿಯಿತು. ನವೆಂಬರ್ 11 ಸಂತ ಮಾರ್ಟಿನನ ದಿನ. ಒಕ್ಕಲು ಬದಲಿಸುವ ಕುಟುಂಬಗಳು ಗಾಡಿಗೆ ಸಾಮಾನು ಹೇರಿ ಹೊಸ ಯಜಮಾನನ ಹೊಲಕ್ಕೆ ಹೊರಡುವ ದಿನ. ಊರಿನ ಗಟ್ಟಿಗರು ಅರ್ಧ ಮಂದಿ ಹಾದಿಯ ಮೇಲಿದ್ದರು. ಕ್ರೆಮೋನಾದ ಅಂಕಿ ಕೇಳಿದ್ದೇ ಅಮಿಲ್ಕಾರೆ ಇದ್ದಬದ್ದವರನ್ನೆಲ್ಲ ಕರೆದ. ಕೊಟ್ಟಿಗೆಯಿಂದ ತೂಬಿನವರೆಗೆ ಹೆಂಗಸರೂ ಸೇರಿ ಸಾಲು ನಿಂತರು. ಸುರಿಯುವ ಮಳೆಯಲ್ಲಿ ಹಲಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಕೆಳಗಿನಿಂದ ಅಮಿಲ್ಕಾರೆ ಅಂಕಿ ಕೂಗುತ್ತಿದ್ದ, ಸಾಲಿನಲ್ಲಿ ಪ್ರತಿಯೊಬ್ಬರೂ ಆ ಅಂಕಿ ಹೇಳಿಯೇ ಹಲಗೆ ದಾಟಿಸಬೇಕು. ತಪ್ಪು ಹಲಗೆ ಇಳಿಯದಿರಲೆಂದು ಮಾಡಿದ ಪದ್ಧತಿ.

"ಐದು!"

"ಐದು," ಎಂದು ದಿರ್ಚೆಯ ಎಡಗಡೆಯವಳು ಹಲಗೆಯ ಒಂದು ತುದಿ ಕೊಟ್ಟಳು. ನಾಲ್ಕನೆಯದಕ್ಕೆ ಸೊಂಟ ಬಾಗಿಸಿದ್ದ ದಿರ್ಚೆಯ ಕೈಗೆ ಐದನೆಯದು ಹಗುರವಾಗಿ ಬಂತು. ಮಳೆಯಲ್ಲಿ, ಚಳಿಗೆ ಮರಗಟ್ಟಿದ ಕೈಗಳಲ್ಲಿ, ಅದು ಬೇರೆ ಯಾರಿಗೂ ತಿಳಿಯಲಿಲ್ಲ. ಹಿಂದಿನ ಸಾಲು ಓಕ್ ಇದೆಯಲ್ಲ, ನಡುವೆ ಮಣ್ಣಿದೆಯಲ್ಲ ಎಂದು ಅವಳು ಲೆಕ್ಕ ಹಾಕಿದ್ದೂ ಆ ಒಂದು ಗಳಿಗೆಯಲ್ಲೇ.

"ಏ ದಿರ್ಚೆ, ನಿದ್ದೆ ಮಾಡ್ತಿದೀಯೇನೆ? ದಾಟ್ಸೇ!"

"ಐದು," ಎಂದಳು. ದಾಟಿಸಿದಳು.

ನವೆಂಬರ್ 13ರಂದು ಮಧ್ಯಾಹ್ನ, ಜನ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ಆ ಹಲಗೆ ನಡುಮುರಿಯಿತು. ಮಣ್ಣು ಗಂಜಿಯಂತೆ ಕರಗಿತು. ಹಿಂದಿನ ಸಾಲು ಹಳೆಯದು. ಒಂದು ಗಂಟೆ ತಡೆದು ತೋಡು ಬಿಟ್ಟು ಎದ್ದಿತು. ಆ ಒಂದು ಗಂಟೆಯಲ್ಲಿ ಜನರೆಲ್ಲ ಏರಿಯ ಮೇಲೆ ಹತ್ತಿದ್ದರು. ಹನ್ನೊಂದು ಮನೆ, ಬಿತ್ತಿದ ಗೋಧಿಯೆಲ್ಲ, ಹಗ್ಗ ಬಿಚ್ಚಲು ಆಗದ ಮೂವತ್ತನಾಲ್ಕು ಹಸು ನೀರಿಗೆ ಹೋದವು. ಕಟ್ಟಿದ ಹಸುಗಳ ಕೂಗು ಸಂಜೆಯವರೆಗೂ ಕೇಳುತ್ತಿತ್ತು. ಮರುದಿನ ನದಿ ತಾನಾಗಿ ತಗ್ಗಿತು. ನದಿಯ ಕೆಳದಿಕ್ಕಿನ ಪೊಲೆಸಿನೆ ಸೀಮೆಯಲ್ಲಿ ಏರಿ ಒಡೆದು ನೂರಾರು ಹಳ್ಳಿಗಳ ಮೇಲೆ ಹರಿದಿತ್ತು. ಅಲ್ಲಿನವರ ಗೋಳಿನ ಮುಂದೆ ಸಾಲಿಚೆತೊದವರು ತಮ್ಮದನ್ನು ದೊಡ್ಡದೆನ್ನಲೂ ಆಗಲಿಲ್ಲ. ಹೇಳಲಾಗದ ಸಿಟ್ಟಿಗೆ ಒಂದು ತಲೆ ಬೇಕಾಗಿತ್ತು.

ಡಿಸೆಂಬರ್ ಮೊದಲ ವಾರ ಇಬ್ಬರು ಅಧಿಕಾರಿಗಳು ಬಂದರು. ಕೆಸರಿನಲ್ಲಿ ಸಿಕ್ಕ ಹಲಗೆಯ ಎರಡು ತುಂಡನ್ನು ಚರ್ಚಿನ ಮೆಟ್ಟಿಲ ಮೇಲೆ ಇಟ್ಟು, ಊರಿನೆದುರಿಗೇ ಅಮಿಲ್ಕಾರೆಯನ್ನು ಕೇಳಿದರು: ಓಕ್ ಎಲ್ಲಿ ಹೋಯಿತು?

ಅವನು ಕುಕ್ಕರಗಾಲಲ್ಲಿ ಕೂತು ತುಂಡಿನ ತುದಿಯನ್ನು ಒರೆಸಿದ. ಐದು ಗೀರಿನ ಮೇಲೆ ಬೆರಳಾಡಿಸಿದ. ಹಲಗೆ ಮದುವೆಗಳಿಗೆ ಹೋಗುತ್ತಿತ್ತೆಂದು ಅವನು ಹೇಳಬಹುದಿತ್ತು. ಕೆಲಸ ಆಗಲೂ ಹೋಗುತ್ತಿತ್ತು, ಆದರೆ ಕಳ್ಳನೆಂಬ ಹೆಸರು ಬರುತ್ತಿರಲಿಲ್ಲ. ಕೊನೆಯ ಮದುವೆ ಯಾರ ಮನೆಯದೆಂಬ ಪ್ರಶ್ನೆ ಬರುತ್ತಿತ್ತು. ಆ ಹಲಗೆಗಳ ಮೇಲೆ ಉಂಡವರೆಲ್ಲ ಅಲ್ಲೇ ನಿಂತಿದ್ದರು. ಯಾರೂ ಬಾಯಿ ಬಿಡಲಿಲ್ಲ.

"ಗೊತ್ತಿಲ್ಲ," ಎಂದ ಅಮಿಲ್ಕಾರೆ.

ನೀರಗಂಟಿಯ ಮನೆ ನೀರಗಂಟಿಯ ಕೆಲಸದ ಜೊತೆಗೇ ಬರುವುದು, ಜೊತೆಗೇ ಹೋಗುವುದು. ಡಿಸೆಂಬರ್ 19ರಂದು ಅವರು ಗಾಡಿ ಕಟ್ಟಿದರು. ಎಂಟರ ವೆಲಿಯಾ ಗಾಡಿಯ ಮೇಲೆ ಕೋಳಿಪಂಜರ ತಬ್ಬಿ ಕೂತಿದ್ದಳು. ಹದಿನಾಲ್ಕರ ಆರಿಯೊ ಅಪ್ಪನ ಜೊತೆ ನಡೆಯಲೊಲ್ಲದೆ ಇಪ್ಪತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ದೋಣಿಸೇತುವೆಯ ಇಳಿಜಾರಿನಲ್ಲಿ ಅಮಿಲ್ಕಾರೆ ದಿರ್ಚೆಯನ್ನು ಕಂಡು ಎತ್ತು ನಿಲ್ಲಿಸಿದ. ಏನೋ ಮರೆತದ್ದು ನೆನಪಾದವನ ಹಾಗೆ ಹೇಳಿದ:

"ನಿಮ್ಮಪ್ಪಂಗೆ ಹೇಳಮ್ಮಾ, ಆ ಉಳಿ ಮೊಂಡಾಗಿದೆ. ಸಾಣೆ ಹಿಡಿಸ್ಲಿ."

ಗಾಡಿ ಮುಂದೆ ಹೋಯಿತು. ಚರ್ಚಿನ ಮೆಟ್ಟಿಲ ಮೇಲೆ ಅವನ ಬೆರಳಿಗೆ ಸಿಬಿರು ತಾಕಿದಾಗಲೇ ಅವನಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೆಯೇ ಅವನು "ಗೊತ್ತಿಲ್ಲ" ಎಂದಿದ್ದ. ದಿರ್ಚೆ ಅಪ್ಪನಿಗೆ ಆ ಮಾತು ಮುಟ್ಟಿಸಲಿಲ್ಲ.

ಅಂದಿನಿಂದ ಅವಳು ಒಳ್ಳೆಯವಳಾಗಿ ಬದುಕಿದಳು, ಊರಿನ ಲೆಕ್ಕದಲ್ಲಿ. ನದಿ ಏರಿದಾಗಲೆಲ್ಲ ಮರಳುಚೀಲ ತುಂಬಲು ಮೊದಲು ಬಂದವಳು ಅವಳೇ. 2000ದ ನೆರೆಯಲ್ಲಿ ಅರವತ್ತಾರರ ಅವಳು ಎರಡು ಹಗಲು ಸಲಿಕೆ ಕೆಳಗಿಡಲಿಲ್ಲ. ಪುರಸಭೆ ಸನ್ಮಾನಪತ್ರ ಕೊಡಲು ಬಂದಾಗ ಒಳಗಿನಿಂದ ಚಿಲಕ ಹಾಕಿಕೊಂಡಳು. ಎಂಥ ಸಂಕೋಚದ ಜೀವ ಎಂದು ಜನ ಕೊಂಡಾಡಿದರು. ಆ ಹೊಗಳಿಕೆ ಅವಳಿಗೆ ಹಸಿಗಾಯದ ಮೇಲಿನ ಉಪ್ಪು. ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದಳು. ಅಪ್ಪ ಇರುವವರೆಗೆ ಅಪ್ಪನಿಗಾಗಿ ತಡೆದಳು, ಅಮಿಲ್ಕಾರೆ 1968ರಲ್ಲಿ ತೀರಿಕೊಂಡ ಮೇಲೆ, ಇನ್ನು ಹೇಳಿ ಯಾರಿಗೇನು ಎಂದುಕೊಂಡಳು. ಹೇಳದೇ ಇರಲು ಕಾರಣಗಳು ಒಂದರ ಹಿಂದೊಂದು ತಾವಾಗಿಯೇ ಒದಗಿದವು. ಅವಳೇನೂ ಹುಡುಕಬೇಕಾಗಲಿಲ್ಲ.

ಈಗ ಮಾತ್ರ ಹನ್ನೊಂದನೆಯ ಹಾಳೆ ಮೇಜಿನ ಮೇಲಿತ್ತು. ಸುಮ್ಮನಿದ್ದದ್ದು ಒಂದು ತಪ್ಪು. ಅವನು ಕಳ್ಳನೆಂದು ತನ್ನ ಕೈಯಾರೆ ರುಜು ಹಾಕುವುದು ಇನ್ನೊಂದು. ಹಾಕದೇ ಇದ್ದರೂ ಉಳಿದ ಒಂಬತ್ತು ಮಂದಿ ಹಾಕಿಯೇ ಇರುತ್ತಾರೆ, ನವೆಂಬರಿಗೆ ಅದು ಪುಸ್ತಕವಾಗಿ ವೆಲಿಯಾಳ ಕೈ ಸೇರುತ್ತದೆ.

ಏಪ್ರಿಲ್ 14ರ ಗುರುವಾರ ಅವಳು ಒರ್ನೆಲ್ಲಾಳ ಅಂಗಡಿಗೆ ಹೋಗಲಿಲ್ಲ. ಎರಡು ಬಸ್ಸು ಹಿಡಿದು ಗ್ವಾಸ್ತಾಲಾಕ್ಕೆ ಹೋದಳು. ಹೊಸ ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಂಡಳು. ಅರವತ್ತು ವರ್ಷದ ದಾರಿ ಐವತ್ತು ನಿಮಿಷದಲ್ಲಿ ಮುಗಿದುಹೋದದ್ದು ಅವಳಿಗೆ ಅವಮಾನವೆನಿಸಿತು.

ವೆಲಿಯಾ ಸಾಕ್ಕಿಗೆ ಅರವತ್ತೆಂಟು. ಚೀಸಿನ ಅಂಗಡಿಯಲ್ಲಿ ದುಡಿದು ನಿವೃತ್ತಳಾಗಿದ್ದಳು; ಮಾತು ತಂತಿಯಿಂದ ಚೀಸು ಕೊಯ್ದಷ್ಟು ನೇರ.

"ಅಫಿನಿ ಅಂದ್ರೆ? ಆಚೆ ದಡದವರಾ? ಆಚೆ ದಡದವರು ನಮ್ಮನೆ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಏನಾದ್ರೂ ಮಾರೋಕೆ ಬಂದಿದ್ರೆ ನಂಗೆ ಬೇಡ."

"ಹೇಳೋಕೆ ಬಂದೆ."

"ಹೇಳೋಕಾ? ಕೂತ್ಕೊಳ್ಳಿ ಹಾಗಾದ್ರೆ. ಕಾಫಿ?"

"ಮೊದಲು ಕೇಳಿ. ಆಮೇಲೆ ಕೊಡ್ಬೇಕೋ ಬೇಡ್ವೋ ನೋಡಿ."

ದಿರ್ಚೆ ಹೇಳಿದಳು. ಹಲಗೆ ತೇಲಿದ್ದು, ಕೂಗದೇ ಇದ್ದದ್ದು, ಕುಣಿತ, ಉಳಿ, ಸಾಲಿನಲ್ಲಿ ನಿಂತು "ಐದು" ಎಂದದ್ದು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ "ಚಿಕ್ಕವಳಿದ್ದೆ" ಎಂಬ ಮಾತನ್ನು ಹೇಳಲು ಬಾಯಿ ಬರಲಿಲ್ಲ. ವೆಲಿಯಾ ಕಿಟಕಿಯ ಕಡೆ ನೋಡುತ್ತ ಕೇಳಿದಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಮಗೆ ಹೇಳ್ಲಿಲ್ಲ. ಅಮ್ಮಂಗೂ ಹೇಳ್ಲಿಲ್ಲ." ಅವಳು ಮೇಜಿನ ಮೇಲಿಲ್ಲದ ರೊಟ್ಟಿಚೂರುಗಳನ್ನು ಅಂಗೈಯಿಂದ ಒತ್ತಿ ಒಟ್ಟು ಮಾಡಿದಳು. "ಆರಿಯೊ, ನಮ್ಮಣ್ಣ, ಹದಿನೆಂಟಕ್ಕೆ ಮನೆ ಬಿಟ್ಟ. 'ಕಳ್ಳನ ಅನ್ನ ನಂಗೆ ಬೇಡ' ಅಂತ ಅಪ್ಪನ ಮುಖಕ್ಕೇ ಅಂದ. ಅಪ್ಪ ಸೂಪು ಕುಡೀತಿದ್ರು, ಕುಡೀತಾನೇ ಇದ್ರು. ಅಪ್ಪ ಸತ್ತಾಗ್ಲೂ ಅವನು ಬರ್ಲಿಲ್ಲ. ಅವನ ಮಕ್ಕಳಿಗೆ ಅಜ್ಜನ ಹೆಸರು ಕೂಡ ಹೇಳಿರ್ಲಿಲ್ಲ ಗೊತ್ತಾ?"

"ನಿಮ್ಮಣ್ಣಂಗೂ ಹೇಳ್ತೀನಿ. ಎಲ್ಲಿದಾರೆ ಅಂತ ಹೇಳಿ, ಹೋಗ್ತೀನಿ."

ವೆಲಿಯಾ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದಳು. "ಹೋದ ವರ್ಷ ಫೆಬ್ರುವರೀಲಿ ಸತ್ತ."

ಗೋಡೆಯಾಚೆ ಯಾರೋ ನೀರಿನ ನಲ್ಲಿ ತಿರುಗಿಸಿ ನಿಲ್ಲಿಸಿದರು. ದಿರ್ಚೆ ಲೆಕ್ಕ ಹಾಕಿದಳು: ಹದಿನಾಲ್ಕು ತಿಂಗಳು. ಅಮಿಲ್ಕಾರೆ ಸತ್ತ ಮೇಲೆ ಯಾರಿಗೂ ಉಪಯೋಗವಿಲ್ಲವೆಂದು ತಾನು ಸುಮ್ಮನಿದ್ದ ನಲವತ್ತೆರಡು ವರ್ಷವೂ ಆ ಮಾತನ್ನು ಕೇಳಲು ಒಬ್ಬ ಮನುಷ್ಯ ಈ ದಡದಲ್ಲಿ ಬದುಕಿದ್ದ. ಕ್ಷಮಿಸಿ ಎಂಬುದು ಅವಳ ಬಾಯಲ್ಲಿ ಅರ್ಧ ಬಂತು.

"ಅದು ಬೇಡ," ಎಂದಳು ವೆಲಿಯಾ. "ಅದನ್ನ ತಗೊಂಡು ನಾನೇನು ಮಾಡ್ಲಿ? ಕ್ಷಮೆ ಕೊಡೋ ಹಕ್ಕಿದ್ದವರು ಇಬ್ಬರೂ ಹೋದ್ರು. ನಂಗೆ ಬೇಕಾಗಿರೋದು ಬೇರೆ. ಆ ಟೀಚರಮ್ಮ ನಂಗೂ ಫೋನ್ ಮಾಡಿದ್ಲು. ಅವಳ ಹತ್ರ ಬರೆಸಿ. ಇದ್ದದ್ದು ಇದ್ದ ಹಾಗೆ, ನಿಮ್ಮ ಹೆಸರು ಹಾಕಿ. ಮತ್ತೆ ಆರಿಯೊ ಸತ್ತ ತಾರೀಖೂ ಅದೇ ಹಾಳೇಲಿ ಇರ್ಬೇಕು, ಕೊನೇಲಿ. ಓದಿದವರು, 'ಪಾಪ, ಮುದುಕಿ ಕೊನೆಗೂ ಹೇಳಿದ್ಲು, ಎಂಥ ದೊಡ್ಡ ಮನಸ್ಸು' ಅನ್ನಬಾರದು. ಯಾವಾಗ ಹೇಳಿದ್ಲು ಅಂತಾನೂ ಓದ್ಬೇಕು."

"ಬರೆಸ್ತೀನಿ."

"ಬಸ್ಸು ಎಷ್ಟು ಗಂಟೆಗೆ?"

"ಹನ್ನೆರಡೂವರೆಗೆ."

"ಇನ್ನೂ ಹೊತ್ತಿದೆ," ಎಂದು ವೆಲಿಯಾ ಎದ್ದು ಕಾಫಿಯ ಪಾತ್ರೆ ಒಲೆಯ ಮೇಲಿಟ್ಟಳು. ಬಟ್ಟಲು ಒಂದೇ ತಂದು ದಿರ್ಚೆಯ ಮುಂದಿಟ್ಟು, ತಾನು ಕುಡಿಯದೆ ಎದುರಿಗೆ ಕೂತಳು. ದಿರ್ಚೆ ಅದನ್ನು ಕೊನೆಯ ಗುಟುಕಿನವರೆಗೂ ಕುಡಿದಳು. ಅಷ್ಟು ಕಷ್ಟದ ಕಾಫಿಯನ್ನು ಅವಳು ಹಿಂದೆಂದೂ ಕುಡಿದಿರಲಿಲ್ಲ.

ಮೇ 5ರ ಗುರುವಾರ ಚಿನ್ಸಿಯಾ ಯಂತ್ರವನ್ನು ಮೇಜಿನ ಆ ತುದಿಯಲ್ಲಿಟ್ಟಳು. ದಿರ್ಚೆ ಅದನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಹಳೆಯ ಹನ್ನೊಂದನೆಯ ಹಾಳೆಯನ್ನು ಹರಿದುಹಾಕಬೇಕೇ ಎಂದು ಚಿನ್ಸಿಯಾ ಕೇಳಲಿಲ್ಲ, ದಿರ್ಚೆಯೂ ಬೇಡಲಿಲ್ಲ. ಆಡಿದ ಸುಳ್ಳೂ ಆಡಿದ ದಿನಾಂಕದೊಡನೆ ಕಡತದಲ್ಲಿರುವುದು ಕ್ರಮ. ಹೊಸ ಹೇಳಿಕೆ ಆರು ಹಾಳೆಯಾಯಿತು.

"ಇದು ಪುಸ್ತಕದಲ್ಲಿ ಬಂದ್ಮೇಲೆ ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಕಷ್ಟ," ಎಂದಳು ಚಿನ್ಸಿಯಾ. "ಯೋಚನೆ ಮಾಡಿ. ಹೆಸರು ಬದಲಾಯಿಸೋಕೆ ಅವಕಾಶ ಇದೆ."

"ಅವನ ಹೆಸರು ಬದಲಾಯಿಸಿದ್ರಾ ಯಾರಾದ್ರೂ? ಪೆನ್ನು ಕೊಡು."

ಆರಕ್ಕೂ ರುಜು ಹಾಕಿ, ಆರನೆಯದರ ಕೆಳಗೆ ಉಳಿದ ಜಾಗವನ್ನು ಬೆರಳಿನಿಂದ ತೋರಿಸಿದಳು. ಆ ಸಾಲನ್ನು ಯಂತ್ರಕ್ಕೆ ಹೇಳಿ ಆಮೇಲೆ ಅಚ್ಚು ಮಾಡಿಸುವುದು ಅವಳಿಗೆ ಒಪ್ಪಿಗೆಯಾಗಲಿಲ್ಲ. ತಾನೇ ಬರೆದಳು, ಪೊರಕೆ ಕಟ್ಟಿದ ಕೈಯ ದಪ್ಪ ಅಕ್ಷರದಲ್ಲಿ, ಸಾವಕಾಶವಾಗಿ:

"ಸಾಲಿಚೆತೊದ ನೀರಗಂಟಿ ಅಮಿಲ್ಕಾರೆ ಸಾಕ್ಕಿಯವರ ಮಗ ಆರಿಯೊ ಸಾಕ್ಕಿ, ಹುಟ್ಟಿದ್ದು 1937, ಮೇಲಿನ ಯಾವ ಮಾತನ್ನೂ ತಿಳಿಯದೆ 2010ರ ಫೆಬ್ರುವರಿ 9, ಮಂಗಳವಾರ, ಗ್ವಾಸ್ತಾಲಾದಲ್ಲಿ ತೀರಿಕೊಂಡರು."